ಅಲರ್ಜಿ ಇರುವ ಮಗು ಊಟಕ್ಕೆ ಒಂಟಿಯಾಗಿ ಕೂರುತ್ತಿದೆ. ಉಳಿದ ಪೋಷಕರು ಏನು ಮಾಡಬಹುದು?

ತರಗತಿ ಪ್ರತಿನಿಧಿ (ಪ್ರಶ್ನೆ)

ಎರಡನೇ ತರಗತಿ, 28 ಮಕ್ಕಳು. ಅವರಲ್ಲಿ ಒಬ್ಬಳಿಗೆ ಕಡಲೆಕಾಯಿಗೂ ಹಾಲಿಗೂ ಅಲರ್ಜಿ. ವೈದ್ಯರ ಪತ್ರ ಶಾಲೆಯಲ್ಲಿದೆ. ಈಗಿನ ವ್ಯವಸ್ಥೆ ಹೀಗಿದೆ: ಊಟಕ್ಕೆ ಅವಳಿಗೆ ಗೋಡೆ ಪಕ್ಕ ಬೇರೆ ಮೇಜು. ಯಾರದಾದರೂ ಹುಟ್ಟುಹಬ್ಬಕ್ಕೆ ಕೇಕ್ ಬಂದರೆ ಆ ಹತ್ತು ನಿಮಿಷ ಅವಳನ್ನು ಗ್ರಂಥಾಲಯಕ್ಕೆ ಕಳಿಸುತ್ತಾರೆ. ಪ್ರವಾಸಕ್ಕೆ ಅಪ್ಪ ಅಥವಾ ಅಮ್ಮ ಜೊತೆಗೆ ಬಂದರೆ ಮಾತ್ರ ಸೇರಿಸಿಕೊಳ್ಳುವುದು.

ಮಗುವಿನ ಮೇಲೆ ಯಾರಿಗೂ ಕೆಟ್ಟ ಮನಸ್ಸಿಲ್ಲ, ಎಲ್ಲ ಮಾಡಿದ್ದೂ ಸುರಕ್ಷತೆಗೆಂದೇ. ಆದರೆ ಏಳು ವರ್ಷದ ಮಗುವಿಗೆ ಇದಕ್ಕೂ ಶಿಕ್ಷೆಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಪೋಷಕರ ಸಭೆಯ ಮುಂದೆ ಒಂದು ಪುಟದ ಪ್ರಸ್ತಾವ ಇಡಬೇಕಿದೆ. ತಿಳಿದವರಿಂದ ಉತ್ತರ ಬೇಕಾಗಿರುವುದು ಇವಕ್ಕೆ: ಬೇರೆ ಮೇಜು ನಿಜಕ್ಕೂ ಅಗತ್ಯವೇ? ಹುಟ್ಟುಹಬ್ಬಗಳನ್ನು ಹೇಗೆ ನಡೆಸಬೇಕು? "ಒಬ್ಬಳಿಗಾಗಿ 27 ಮಕ್ಕಳ ಡಬ್ಬಿ ಬದಲಾಗಬೇಕಾ?" ಎಂದು ಕೇಳುವವರಿಗೆ ಪ್ರಾಮಾಣಿಕವಾದ ಉತ್ತರವೇನು? ನಮ್ಮ ನಮ್ಮ ಮಕ್ಕಳಿಗೆ ಏನು ಹೇಳಿಕೊಡಬೇಕು?

"ಅಯ್ಯೋ ಪಾಪ" ಅನ್ನುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅದರಾಚೆಗೆ ಕೈಯಲ್ಲಿ ಮಾಡುವಂಥದ್ದನ್ನು ಹೇಳಿ.

---

ಊಟದ ಮೇಜು

ಮೊದಲು ಅಪಾಯ ಎಲ್ಲಿಂದ ಬರುತ್ತದೆ ಅನ್ನುವುದು ಸ್ಪಷ್ಟವಾಗಲಿ. ಬೇರೆ ಮೇಜು ಹುಟ್ಟಿದ್ದೇ ಆ ಗೊಂದಲದಿಂದ.

ತೀವ್ರ ಪ್ರತಿಕ್ರಿಯೆಗಳು ಬಹುಪಾಲು ಆಗುವುದು ಆಹಾರ ಹೊಟ್ಟೆಗೆ ಹೋದಾಗ. ಪಕ್ಕದವನ ಡಬ್ಬಿಯ ವಾಸನೆಯಿಂದ ಅಲ್ಲ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕಡಲೆಕಾಯಿಗೆ ತೀವ್ರ ಅಲರ್ಜಿ ಇದ್ದ 30 ಮಕ್ಕಳ ಚರ್ಮಕ್ಕೆ ಕಡಲೆಕಾಯಿ ಬೆಣ್ಣೆಯನ್ನು ಒಂದು ನಿಮಿಷ ತಾಗಿಸಿದರು, ಮುಖದ ಹತ್ತಿರ ಹಿಡಿದು ಹತ್ತು ನಿಮಿಷ ಉಸಿರಾಡಿಸಿದರು. ಕೆಲವರಿಗೆ ತಾಗಿದ ಜಾಗ ಕೆಂಪಾಯಿತು, ತುರಿಸಿತು. ಮೈಯೆಲ್ಲ ಹರಡುವ ಪ್ರತಿಕ್ರಿಯೆ ಒಬ್ಬರಿಗೂ ಆಗಲಿಲ್ಲ. (ಇದನ್ನು ಮನೆಯಲ್ಲಿ ಪರೀಕ್ಷಿಸಿ ನೋಡುವುದು ಬೇಡ, ಅದು ವೈದ್ಯರ ಕಣ್ಣೆದುರು ನಡೆದದ್ದು. ಹಾಲು ಕುದಿಯುವಾಗ, ಮೀನು ಬೇಯುವಾಗ ಏಳುವ ಆವಿಯ ಮಾತೂ ಬೇರೆ. ಹಾಗಾಗಿ ಅಡುಗೆಮನೆಯ ಪಕ್ಕ ಕೂರಿಸಬೇಡಿ.)

ನಿಜವಾದ ದಾರಿಗಳು ಮೂರು: ಹಂಚಿಕೊಂಡು ತಿನ್ನುವುದು, ಜಿಡ್ಡಾದ ಕೈಯನ್ನು ಬಾಯಿಗೆ ಇಡುವುದು, ಚೆಲ್ಲಿದ್ದು ತಟ್ಟೆಗೆ ಸಿಡಿಯುವುದು. ಒಂಟಿ ಮೇಜು ಮೂರನೆಯದನ್ನು ಮಾತ್ರ ತಡೆಯುತ್ತದೆ. ಆ ಮೇಜಿನಲ್ಲಿ ಊಟಕ್ಕೆ ಮುಂಚೆ ಯಾರು ಕೂತಿದ್ದರು, ಯಾವ ಬಟ್ಟೆಯಲ್ಲಿ ಒರೆಸಿದರು ಎಂದು ಯಾರೂ ನೋಡದಿದ್ದರೆ ಅದೂ ಇಲ್ಲ.

ಇದರ ಬದಲು ಹೀಗೆ ಮಾಡಿ. ಅವಳನ್ನು ಎಲ್ಲರ ಮೇಜಿನ ಒಂದು ತುದಿಯಲ್ಲಿ ಕೂರಿಸಿ. ತುದಿಯಾದರೆ ಒಂದೇ ಪಕ್ಕ ನಿಗಾ ಸಾಕು. ಅವಳ ಪಕ್ಕ ಮತ್ತು ಎದುರು ಮೂರು-ನಾಲ್ಕು ಮಕ್ಕಳು, ಅಂದಿನ ಡಬ್ಬಿಯಲ್ಲಿ ಹಾಲಿನದ್ದಾಗಲಿ ಕಡಲೆಕಾಯಿಯದ್ದಾಗಲಿ ಇಲ್ಲದವರು. ಈ ಗುಂಪು ವಾರಕ್ಕೊಮ್ಮೆ ಬದಲಾಗಲಿ. ಸೋಮವಾರ ಬೆಳಿಗ್ಗೆ ಯಾರ ಸರದಿ ಅನ್ನುವುದು ಆ ನಾಲ್ಕು ಮನೆಗೆ ಗೊತ್ತಿದ್ದರೆ ಸಾಕು, 27 ಮನೆಯ ಡಬ್ಬಿ ದಿನವೂ ಬದಲಾಗಬೇಕಿಲ್ಲ. ಸರದಿಯ ದಿನ ಯಾರಾದರೂ ಮರೆತು ತಂದರೆ ಆ ಮಗು ಎರಡು ಜಾಗ ಆಚೆ ಕೂರಲಿ. ಸರಿಯಬೇಕಾದ್ದು ಆಹಾರ, ಅಲರ್ಜಿ ಇರುವ ಮಗು ಅಲ್ಲ. ಹಾಲಿನ ಲೋಟ, ಮೊಸರಿನಂಥ ಚೆಲ್ಲುವ ಪದಾರ್ಥ ಕನಿಷ್ಠ ಒಂದು ಮಾರು ದೂರದಲ್ಲಿರಲಿ. ಕಡಲೆಕಾಯಿಗಿಂತ ಹಾಲು ಕಷ್ಟ, ಏಕೆಂದರೆ ಅದು ಹರಿಯುತ್ತದೆ.

ಒರೆಸುವುದರಲ್ಲೇ ಹೆಚ್ಚಿನ ಕಡೆ ಎಡವುತ್ತಾರೆ. ಎಲ್ಲ ಮೇಜಿಗೂ ಒಂದೇ ಒದ್ದೆ ಬಟ್ಟೆ ಎಳೆದರೆ ಮೊದಲ ಮೇಜಿನ ಹಾಲು ಕೊನೆಯ ಮೇಜಿಗೆ ಬರುತ್ತದೆ. ಅವಳು ಕೂರುವ ತುದಿಯನ್ನು ಎಲ್ಲಕ್ಕಿಂತ ಮೊದಲು, ಬಿಸಾಡುವ ಕಾಗದ ಮತ್ತು ಸ್ವಚ್ಛಗೊಳಿಸುವ ದ್ರಾವಣದಿಂದ ಒರೆಸಬೇಕು. ಕೈಗೆ ಸ್ಯಾನಿಟೈಸರ್ ಸಾಲದು. ಅದು ರೋಗಾಣು ಕೊಲ್ಲುತ್ತದೆ, ಅಲರ್ಜಿ ತರುವ ಪ್ರೋಟೀನನ್ನು ತೆಗೆಯುವುದಿಲ್ಲ. ಬರೀ ನೀರೂ ಸಾಲದು. ಸೋಪು-ನೀರು ಬೇಕು, ಇಲ್ಲವೇ ಒದ್ದೆ ವೈಪ್ಸ್. ಅದೂ ಊಟಕ್ಕೆ ಮುಂಚೆ ಮಾತ್ರವಲ್ಲ, ಊಟವಾದ ಮೇಲೂ. ಎರಡನೆಯದನ್ನೇ ಎಲ್ಲರೂ ಮರೆಯುವುದು. ಮಧ್ಯಾಹ್ನದ ತರಗತಿಯಲ್ಲಿ ಅದೇ ಕೈ ಎಲ್ಲರ ಪೆನ್ಸಿಲ್, ಬಣ್ಣ, ಚೆಂಡು ಹಿಡಿಯುತ್ತದೆ.

---

ಲೇಬಲ್ ಓದಿ

ಹುಟ್ಟುಹಬ್ಬದ ಬಗ್ಗೆ ಹೇಳುತ್ತೇನೆ. ದಿನದ ಊಟಕ್ಕಿಂತ ಇಲ್ಲೇ ಮಕ್ಕಳು ಹೆಚ್ಚು ನೋಯುವುದು, ಏಕೆಂದರೆ ಇಲ್ಲಿ ಎಲ್ಲರಿಗೂ ಸಿಕ್ಕದ್ದು ಅವಳಿಗೆ ಸಿಗುವುದಿಲ್ಲ. ಮೂಲ ಕಾರಣ ಒಂದೇ: ಕೊನೇ ಗಳಿಗೆಯಲ್ಲಿ ತಿಳಿಯುವುದು. ಬೆಳಿಗ್ಗೆ ಒಂಬತ್ತಕ್ಕೆ ಡಬ್ಬ ತುಂಬ ಕೇಕ್ ಬಂದು ನಿಂತರೆ ಶಿಕ್ಷಕಿಯ ಮುಂದೆ ಉಳಿಯುವ ಸುಲಭದ ದಾರಿ ಗ್ರಂಥಾಲಯ.

ನನ್ನ ಮೊದಲ ಆಯ್ಕೆ ತಿನಿಸೇ ಇಲ್ಲದ ಹುಟ್ಟುಹಬ್ಬ. ಪೆನ್ಸಿಲ್, ಗುಂಪಿನ ಆಟ, ಹುಟ್ಟುಹಬ್ಬದ ಮಗು ಆರಿಸಿದ ಕಥೆಯ ಓದು. ಎಲ್ಲರೂ ಸಮಾನವಾಗಿ ಸೇರುವುದು ಇದರಲ್ಲೇ.

ತಿನಿಸು ಬೇಕೇ ಬೇಕು ಅಂದರೆ ಕ್ರಮ ಹೀಗಿರಲಿ. ಏಳು ದಿನ ಮುಂಚೆ ಶಿಕ್ಷಕಿಗೂ ಅವಳ ಮನೆಯವರಿಗೂ ತಿಳಿಸಬೇಕು. ಕಂಪನಿಯ ಮುಚ್ಚಿದ ಪೊಟ್ಟಣವೇ ಆಗಿರಬೇಕು, ಪದಾರ್ಥಗಳ ಪಟ್ಟಿ ಇರಬೇಕು. ಪೊಟ್ಟಣದ ಹಿಂಭಾಗದ ಫೋಟೋವನ್ನು ಅವಳ ಅಪ್ಪ-ಅಮ್ಮನಿಗೆ ಕಳಿಸಿ, ಅವರು "ಆಗಬಹುದು" ಎಂದ ಮೇಲೆ ಅದನ್ನೇ 28 ಮಕ್ಕಳಿಗೂ ತನ್ನಿ. ತೀರ್ಮಾನ ಅವರದ್ದು. "ನಾನೇ ಓದಿ ನೋಡಿದೆ, ಏನೂ ಇಲ್ಲ" ಎಂದು ನೀವು ನಿರ್ಧರಿಸಬೇಡಿ.

ಏಕೆಂದರೆ ಓದುವುದು ಕಾಣುವಷ್ಟು ಸುಲಭವಲ್ಲ. ಹಾಲು 'ಹಾಲು' ಎಂದೇ ಬರೆದಿರಬೇಕಿಲ್ಲ. ವೇ, ಕೇಸೀನ್, ಸೋಡಿಯಂ ಕೇಸಿನೇಟ್, ಹಾಲಿನ ಘನಾಂಶ, ಬೆಣ್ಣೆ, ತುಪ್ಪ ಎಲ್ಲವೂ ಹಾಲೇ. 'ನಾನ್-ಡೈರಿ' ಎಂದು ಮುಂಭಾಗದಲ್ಲಿ ಬರೆದ ಕ್ರೀಮ್‌ನಲ್ಲೂ ಕೇಸಿನೇಟ್ ಇರಬಹುದು. 'ಲ್ಯಾಕ್ಟೋಸ್ ಇಲ್ಲ' ಅನ್ನುವುದು ಹಾಲಿನ ಸಕ್ಕರೆ ಅರಗದವರಿಗಾಗಿ. ಅದರಲ್ಲಿ ಹಾಲಿನ ಪ್ರೋಟೀನ್ ಹಾಗೇ ಇರುತ್ತದೆ, ಇವಳಿಗೆ ಅದು ವಿಷ. 'ಕುರುಹು ಇರಬಹುದು' ಅನ್ನುವ ಎಚ್ಚರಿಕೆ ಬಹಳಷ್ಟು ದೇಶಗಳಲ್ಲಿ ಕಂಪನಿಯ ಇಚ್ಛೆಗೆ ಬಿಟ್ಟದ್ದು. ಆ ಸಾಲು ಇಲ್ಲದ ಮಾತ್ರಕ್ಕೆ ಸುರಕ್ಷಿತ ಎಂದಲ್ಲ. ಅದೇ ಬಿಸ್ಕತ್ತಿನ ಚಿಕ್ಕ ಪೊಟ್ಟಣ ಬೇರೆ ಕಾರ್ಖಾನೆಯಲ್ಲಿ ತಯಾರಾಗಿರಬಹುದು, ತಯಾರಿಸುವ ವಿಧಾನ ಹೇಳದೆ ಕೇಳದೆ ಬದಲಾಗಬಹುದು. ಹಾಗಾಗಿ ಪ್ರತಿ ಸಲವೂ ಹೊಸದಾಗಿ ಓದಬೇಕು.

ಮನೆಯಲ್ಲಿ ಮಾಡಿದ್ದನ್ನು ಬೇಡ ಅಂದರೆ ಬೇಸರಪಟ್ಟುಕೊಳ್ಳಬೇಡಿ. ನಿಮ್ಮ ಅಡುಗೆಮನೆ ಶುಚಿಯಿಲ್ಲ ಎಂದಲ್ಲ. ಹಿಟ್ಟು ಕಲಸಿದ ಸೌಟು, ತಟ್ಟೆಗೆ ಸವರಿದ ಬೆಣ್ಣೆ, ಕಡಲೆಕಾಯಿ ಪುಡಿ ಮಾಡಿದ ಮಿಕ್ಸಿ ಜಾರಿನ ಸಂದು, ಇವುಗಳಲ್ಲಿ ಉಳಿಯುವಷ್ಟು ಚೂರೇ ಕೆಲವು ಮಕ್ಕಳಿಗೆ ಸಾಕು.

ಅವಳ ಮನೆಯವರೇ ಕೊಟ್ಟ ಒಂದು ತಿನಿಸಿನ ಡಬ್ಬ ಶಾಲೆಯ ಕಪಾಟಿನಲ್ಲಿರಲಿ, ತಿಂಗಳಿಗೊಮ್ಮೆ ದಿನಾಂಕ ನೋಡಿ ತುಂಬಿಸಲಿ. ಆದರೆ ಅದು ಆಪತ್ತಿಗೆ ಮಾತ್ರ. ಪ್ರತಿ ಸಲವೂ ಎಲ್ಲರಿಗೆ ಕೇಕ್, ಇವಳಿಗೆ ಡಬ್ಬದ ಬಿಸ್ಕತ್ತು ಅಂತಾದರೆ ಕೋಣೆಯ ಒಳಗೇ ಕೂರಿಸಿ ಹೊರಗಿಟ್ಟ ಹಾಗೆ.

ಗುಂಪಿಗೆ ಕಳಿಸಲು ಸಂದೇಶದ ಮಾದರಿ, ಬೇಕಿದ್ದರೆ ತಿದ್ದಿಕೊಳ್ಳಿ: "ನಮ್ಮ ತರಗತಿಯಲ್ಲಿ ಹಾಲು ಮತ್ತು ಕಡಲೆಕಾಯಿ ಅಲರ್ಜಿ ಇದೆ. ಹುಟ್ಟುಹಬ್ಬಕ್ಕೆ ತಿನಿಸು ತರುವವರು ಏಳು ದಿನ ಮುಂಚೆ ಪೊಟ್ಟಣದ ಹಿಂಭಾಗದ ಫೋಟೋ ಕಳಿಸಿ. ಒಪ್ಪಿಗೆ ಸಿಕ್ಕಿದ್ದನ್ನು ಎಲ್ಲ ಮಕ್ಕಳಿಗೂ ಹಂಚೋಣ. ಮುಂಚೆ ತಿಳಿಸದೆ ಬಂದ ತಿನಿಸನ್ನು ಸಂಜೆ ಮನೆಗೆ ವಾಪಸು ಕಳಿಸುತ್ತೇವೆ." ಇದರಲ್ಲಿ ಮಗುವಿನ ಹೆಸರಿಲ್ಲ, ಗಮನಿಸಿ. ಹೆಸರು ಹಾಕಬೇಕೋ ಬೇಡವೋ ಅನ್ನುವುದು ಅವಳ ಮನೆಯವರ ಇಷ್ಟ.

---

ಸರಳ ಪ್ರಶ್ನೆ

ಇಷ್ಟೆಲ್ಲ ಯಾಕೆ? ಶಾಲೆಯಲ್ಲಿ ಕಡಲೆಕಾಯಿಯನ್ನೇ ಪೂರ್ತಿ ನಿಷೇಧಿಸಿದರೆ ಮುಗಿಯಿತಲ್ಲ?

---

ಊಟದ ಮೇಜು

ಮುಗಿಯುವುದಿಲ್ಲ. 2021ರಲ್ಲಿ ಅಂತರರಾಷ್ಟ್ರೀಯ ತಜ್ಞರ ತಂಡವೊಂದು ಶಾಲೆಗಳಿಗಾಗಿಯೇ ಮಾರ್ಗಸೂಚಿ ಹೊರತಂದಿತು. ಸಿಬ್ಬಂದಿಗೆ ತರಬೇತಿ, ಪ್ರತಿ ಮಗುವಿಗೂ ಲಿಖಿತ ತುರ್ತು ಯೋಜನೆ, ಶಾಲೆಯಲ್ಲೇ ಅಡ್ರಿನಲಿನ್ (ತೀವ್ರ ಅಲರ್ಜಿಗೆ ತುರ್ತಾಗಿ ಕೊಡುವ ಚುಚ್ಚುಮದ್ದು) ದಾಸ್ತಾನು, ಇವುಗಳನ್ನು ಅದು ಸೂಚಿಸಿತು. ಇಡೀ ಶಾಲೆಗೆ ಒಂದು ಆಹಾರ ನಿಷೇಧಿಸುವುದನ್ನು ಸೂಚಿಸಲಿಲ್ಲ, ಅದರಿಂದ ಅನುಕೂಲವಾಗುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇರಲಿಲ್ಲ. ನೂರಾರು ಡಬ್ಬಿಗಳನ್ನು ಯಾರೂ ಬಿಚ್ಚಿ ನೋಡಲಾರರು. 'ನಮ್ಮಲ್ಲಿ ಕಡಲೆಕಾಯಿ ಇಲ್ಲ' ಎಂಬ ಫಲಕ ನೋಡಿ ದೊಡ್ಡವರು ಮೈಮರೆಯುತ್ತಾರೆ. ಮೇಲಾಗಿ ಈ ಮಗುವಿಗೆ ಹಾಲೂ ಆಗದು, ಹಾಲನ್ನು ನಿಷೇಧಿಸುವುದು ಹೇಗೆ?

ಬಾಯಿಗೆ ಎಲ್ಲವನ್ನೂ ಇಡುವ ತೀರಾ ಚಿಕ್ಕ ಮಕ್ಕಳ ಕೋಣೆಯಲ್ಲಿ ಆ ಒಂದು ಕೋಣೆಗೆ ಸೀಮಿತವಾದ ನಿರ್ಬಂಧ ಅರ್ಥಪೂರ್ಣ ಎಂದು ನನಗೆ ಅನ್ನಿಸುತ್ತದೆ. ಎರಡನೇ ತರಗತಿಗೆ ಮೇಲೆ ಹೇಳಿದ ಸರದಿ ಸಾಕು.

"27 ಮಕ್ಕಳ ಡಬ್ಬಿ" ಅನ್ನುವವರಿಗೆ ಉತ್ತರವೂ ಇದೇ. ಯಾರ ಡಬ್ಬಿಯೂ ಕಾಯಂ ಬದಲಾಗುವುದಿಲ್ಲ. ವಾರಕ್ಕೆ ನಾಲ್ಕು ಮನೆ, ಅಂದರೆ ಏಳು ವಾರಕ್ಕೊಮ್ಮೆ ಒಂದು ಮನೆಯ ಸರದಿ, ಆ ಐದು ದಿನ ಎರಡು ಪದಾರ್ಥ ಬಿಡಬೇಕು. ಹೀಗೆ ಲೆಕ್ಕ ಮುಂದಿಟ್ಟರೆ ಸಭೆಯಲ್ಲಿ ವಾದ ಬಹಳ ಮಟ್ಟಿಗೆ ತಣ್ಣಗಾಗುತ್ತದೆ.

---

ಮಕ್ಕಳ ಮನಸ್ಸು

ನಾಲ್ಕನೇ ಪ್ರಶ್ನೆಗೆ ಬರುತ್ತೇನೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಆಹಾರ ಅಲರ್ಜಿಯ ಮಕ್ಕಳಿರುವ 251 ಕುಟುಂಬಗಳನ್ನು ಒಳಗೊಂಡ, 2013ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಸುಮಾರು ಮೂರರಲ್ಲಿ ಒಂದು ಮಗು ಅಲರ್ಜಿಯ ಕಾರಣಕ್ಕೇ ತನ್ನನ್ನು ಪೀಡಿಸಿದ್ದಾರೆ ಎಂದಿತು. ಹಾಗೆ ಪೀಡನೆಗೆ ಒಳಗಾದ ಮಕ್ಕಳಲ್ಲಿ ಸುಮಾರು ಅರ್ಧದಷ್ಟರ ಅಪ್ಪ-ಅಮ್ಮನಿಗೆ ಮಾತ್ರ ಅದು ಗೊತ್ತಿತ್ತು. ಅಪ್ಪ-ಅಮ್ಮನಿಗೆ ಗೊತ್ತಿದ್ದ ಮಕ್ಕಳ ಸ್ಥಿತಿ, ಗೊತ್ತಿಲ್ಲದವರಿಗಿಂತ ವಾಸಿಯಾಗಿತ್ತು. ಅಂದರೆ ಮಗು ಹೇಳಿಕೊಳ್ಳುವಂತಾದರೇ ಅರ್ಧ ಭಾರ ಇಳಿಯುತ್ತದೆ. ಹೇಳದಿರುವ ಮಗುವಿನ ಸುಳಿವುಗಳು: ಡಬ್ಬಿ ಮುಟ್ಟದೆ ವಾಪಸು ತರುವುದು, ಹುಟ್ಟುಹಬ್ಬದ ದಿನ ಹೊಟ್ಟೆನೋವು ಅನ್ನುವುದು, ಔಷಧದ ಚೀಲ ಹೊರಲು ನಾಚುವುದು.

ನಿಮ್ಮ ಮಗುವಿಗೆ ಹೇಳುವಾಗ ಹೆದರಿಕೆಯನ್ನು ಬಿತ್ತಬೇಡಿ. "ಅವಳನ್ನು ಮುಟ್ಟಿದರೆ ಸತ್ತೇ ಹೋಗುತ್ತಾಳೆ" ಎಂದು ಕೇಳಿಸಿಕೊಂಡ ಮಗು ಮಾರನೇ ದಿನದಿಂದ ಅವಳ ಕೈ ಹಿಡಿದು ಆಡುವುದಿಲ್ಲ. ಇಷ್ಟು ಸಾಕು: "ನಿನಗೆ ಒಳ್ಳೆಯದಾದ ಹಾಲು ಅವಳ ಮೈಗೆ ಆಗುವುದಿಲ್ಲ. ಅದಕ್ಕೇ ನಿನ್ನ ಡಬ್ಬಿಯದ್ದನ್ನು ಕೊಡಬೇಡ, ಊಟ ಆದಮೇಲೆ ಸೋಪು ಹಾಕಿ ಕೈ ತೊಳಿ. ಅವಳಿಗೆ ಕೆಮ್ಮು ಬಂದರೆ, ತುಟಿ ಊದಿದರೆ, 'ಏನೋ ಆಗ್ತಿದೆ' ಅಂದರೆ ಓಡಿಹೋಗಿ ಟೀಚರ್‌ಗೆ ಹೇಳು." ಅಂಟುರೋಗವಲ್ಲ ಅನ್ನುವುದನ್ನು ಬಿಡಿಸಿ ಹೇಳಿ, ಮಕ್ಕಳು ಹಾಗೆ ತಿಳಿದುಕೊಳ್ಳುತ್ತಾರೆ.

ಅಲರ್ಜಿಯ ಆಹಾರವನ್ನು ಮುಖಕ್ಕೆ ಹಿಡಿದು ಹೆದರಿಸುವುದು, ಅವಳ ತಟ್ಟೆಗೆ ಎಸೆಯುವುದು, ನಿಜವೋ ಸುಳ್ಳೋ ನೋಡೋಣ ಎಂದು ಕದ್ದು ಸೇರಿಸುವುದು ತಮಾಷೆಯಲ್ಲ. ಜೀವಕ್ಕೆ ಬರುವ ಸಂಗತಿ. ನಿಮ್ಮ ಮಗು ಮಾಡಿದ್ದರೂ ಅದೇ ದಿನ ಶಾಲೆಗೆ ತಿಳಿಸಬೇಕು.

ದೊಡ್ಡವರ ಬಾಯಿಂದ ಜಾರುವ ಮಾತು ಇನ್ನೂ ಕೆಟ್ಟದ್ದು. "ಅವಳಿಂದಾಗಿ ಇವತ್ತು ಕೇಕ್ ಇಲ್ಲ" ಎಂದು ಶಿಕ್ಷಕರು ಒಮ್ಮೆ ಹೇಳಿದರೆ ಸಾಕು, 27 ಮಕ್ಕಳ ಸಿಟ್ಟು ಒಬ್ಬಳ ತಲೆಗೆ. "ಇವತ್ತು ನಮ್ಮ ತರಗತಿಯಲ್ಲಿ ಆಟದ ಹುಟ್ಟುಹಬ್ಬ" ಅಂದರೆ ಕಾರಣವೇ ಬೇಕಾಗುವುದಿಲ್ಲ. ಪೋಷಕರು ಅವಳ ಅಮ್ಮನ ಹತ್ತಿರ "ಸ್ವಲ್ಪ ತಿಂದರೆ ಏನಾಗುತ್ತೆ?", "ದೊಡ್ಡವಳಾದರೆ ಹೋಗುತ್ತೆ ಬಿಡಿ" ಅನ್ನುತ್ತಾರೆ. ಮೊದಲನೆಯದು ಅಪಾಯಕಾರಿ. ಎರಡನೆಯದರ ವಿಷಯ: ಹಾಲಿನ ಅಲರ್ಜಿ ಬಹಳಷ್ಟು ಮಕ್ಕಳಲ್ಲಿ ಹೋಗುವುದು ನಿಜ, ಕಡಲೆಕಾಯಿಯದ್ದು ಸುಮಾರು ಐದರಲ್ಲಿ ಒಬ್ಬರಿಗೆ ಮಾತ್ರ. ಅಲ್ಲಿಯವರೆಗೆ ದಿನಕ್ಕೆ ಮೂರು ಹೊತ್ತು ಕಾಯುವುದು ಆ ತಾಯಿಯೇ. "ನಮ್ಮ ಮನೆಗೆ ಆಟಕ್ಕೆ ಕಳಿಸಿ, ತಿನ್ನಲು ನೀವೇ ಕೊಟ್ಟು ಕಳಿಸಿದರೆ ಅದನ್ನೇ ಕೊಡುತ್ತೇನೆ. ಔಷಧ ಹೇಗೆ ಹಾಕುವುದು ತೋರಿಸಿಕೊಡಿ" ಎಂದು ಕೇಳಿ ನೋಡಿ. ಅನುಭೂತಿ ಅಂದರೆ ನನಗೆ ಗೊತ್ತಿರುವುದು ಅಷ್ಟೇ: ಅವರ ಕಾವಲಿನಲ್ಲಿ ಒಂದು ಗಂಟೆ ನಾವು ನಿಲ್ಲುವುದು.

---

ತರಗತಿ ಪ್ರತಿನಿಧಿ

ಸರದಿಯ ಲೆಕ್ಕವನ್ನೇ ಸಭೆಯಲ್ಲಿ ಮುಂದಿಡುತ್ತೇನೆ. ಉಳಿದದ್ದು ಪ್ರವಾಸ. "ಏನಾದರೂ ಆದರೆ ನಮ್ಮಿಂದ ಆಗದು" ಎಂಬುದು ಶಿಕ್ಷಕರ ಭಯ. ಅದನ್ನು ಹೇಗೆ ಹೋಗಲಾಡಿಸುವುದು?

---

ತುರ್ತು ಚೀಲ

ಆ ಭಯಕ್ಕೆ ಮದ್ದು ಅಭ್ಯಾಸ. ಪ್ರವಾಸಕ್ಕೆ ಹೋಗುವವರಲ್ಲಿ ಕನಿಷ್ಠ ಇಬ್ಬರು ತರಬೇತಿಯ ಆಟೋಇಂಜೆಕ್ಟರ್‌ನಿಂದ (ತೊಡೆಗೆ ಒತ್ತಿ ಅಡ್ರಿನಲಿನ್ ಕೊಡುವ ಪೆನ್ನಿನಂಥ ಸಾಧನದ ಮಾದರಿ, ಸೂಜಿ, ಔಷಧ ಎರಡೂ ಇಲ್ಲದ್ದು) ಐದೈದು ಸಲ ಅಭ್ಯಾಸ ಮಾಡಲಿ. ಅರ್ಧ ಗಂಟೆಯ ಕೆಲಸ. ಒಬ್ಬರೇ ಕಲಿತರೆ ಸಾಲದು, ಅವರು ಬೇರೆ ಮಕ್ಕಳ ಜೊತೆ ಆಚೆ ಹೋಗಿರಬಹುದು.

ಗುರುತಿಸುವುದು: ಪ್ರತಿಕ್ರಿಯೆ ಸಾಮಾನ್ಯವಾಗಿ ತಿಂದ ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ ಶುರುವಾಗುತ್ತದೆ. ಬಾಯಿಯ ಸುತ್ತ ತುರಿಕೆ, ನಾಲ್ಕಾರು ದದ್ದು ಮಾತ್ರ ಇದ್ದರೆ ಅವಳ ಲಿಖಿತ ತುರ್ತು ಯೋಜನೆಯ ಪ್ರಕಾರ ಔಷಧ ಕೊಟ್ಟು ಪಕ್ಕದಲ್ಲೇ ಕೂತು ನೋಡುತ್ತಿರಬೇಕು. ಬಿಡದ ಕೆಮ್ಮು, ಉಬ್ಬಸ, ಧ್ವನಿ ಒಡೆಯುವುದು, ನಾಲಿಗೆ ಊದುವುದು, ಮೈ ಬಿಳಚಿ ತೂಕಡಿಸುವುದು, ದದ್ದಿನ ಜೊತೆ ಮತ್ತೆ ಮತ್ತೆ ವಾಂತಿ, ಇವು ಕಂಡರೆ ತಡಮಾಡದೆ ಅಡ್ರಿನಲಿನ್. ದದ್ದು ಇಲ್ಲದೆಯೂ ಇದು ಬರಬಹುದು.

ತೊಡೆಯ ಹೊರಬದಿಯ ಮಧ್ಯಭಾಗಕ್ಕೆ, ಬಟ್ಟೆಯ ಮೇಲೇ ಒತ್ತಬಹುದು. ಎಷ್ಟು ಸೆಕೆಂಡು ಹಿಡಿಯಬೇಕು ಅನ್ನುವುದು ಆಯಾ ಸಾಧನದ ಮೇಲೆ ಬರೆದಿರುತ್ತದೆ. ಪ್ರಮಾಣ ಮಗುವಿನ ವೈದ್ಯರದ್ದು. ಲೆಕ್ಕ ಮೈತೂಕದ ಪ್ರತಿ ಕಿಲೋಗೆ 0.01 ಮಿಲಿಗ್ರಾಂ. ಚಿಕ್ಕ ಮಕ್ಕಳಿಗೆ ಸಾಮಾನ್ಯವಾಗಿ 0.15 ಮಿಲಿಗ್ರಾಂನ ಸಾಧನ, ದೊಡ್ಡವರಾದಂತೆ 0.3. ಕೂಡಲೇ ಆಂಬುಲೆನ್ಸ್‌ಗೆ ಫೋನ್. ಮಗುವನ್ನು ಅಂಗಾತ ಮಲಗಿಸಿ ಕಾಲು ಎತ್ತಿಡಿ. ಉಸಿರಾಡಲು ಕಷ್ಟವಾದರೆ ಕಾಲು ನೀಡಿ ಕೂರಿಸಿ, ವಾಂತಿಯಾಗುತ್ತಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ. ಎದ್ದು ನಿಲ್ಲಿಸಬೇಡಿ, ನಡೆಸಬೇಡಿ. ಥಟ್ಟನೆ ನಿಲ್ಲಿಸಿದಾಗ ರಕ್ತದೊತ್ತಡ ಕುಸಿದು ಪ್ರಾಣ ಹೋದದ್ದುಂಟು. 5ರಿಂದ 15 ನಿಮಿಷದಲ್ಲಿ ಸುಧಾರಿಸದಿದ್ದರೆ ಎರಡನೆಯದು. ಆದ್ದರಿಂದಲೇ ಚೀಲದಲ್ಲಿ ಎರಡು ಇರಬೇಕು. ಸುಧಾರಿಸಿದರೂ ಆಸ್ಪತ್ರೆಗೆ ಹೋಗಲೇಬೇಕು, ಲಕ್ಷಣಗಳು ಕೆಲವು ಗಂಟೆಗಳ ನಂತರ ಮರುಕಳಿಸಬಹುದು.

ಸಾಮಾನ್ಯವಾಗಿ ಆಗುವ ತಪ್ಪುಗಳು: ಅಲರ್ಜಿಯ ಮಾತ್ರೆ ಕೊಟ್ಟು "ನೋಡೋಣ" ಎಂದು ಕಾಯುವುದು (ಅದು ತುರಿಕೆ ತಗ್ಗಿಸುತ್ತದೆ, ಉಸಿರನ್ನು ಉಳಿಸುವುದಿಲ್ಲ). ಸಾಧನವನ್ನು ತಲೆಕೆಳಗೆ ಹಿಡಿದು ಸ್ವಂತ ಹೆಬ್ಬೆರಳಿಗೆ ಚುಚ್ಚಿಕೊಳ್ಳುವುದು. ಚೀಲವನ್ನು ಕಚೇರಿಯ ಬೀರುವಿನಲ್ಲಿಟ್ಟು ಬೀಗ ಹಾಕುವುದು, ಪ್ರವಾಸದಲ್ಲಿ ಬಸ್ಸಿನ ಸಾಮಾನಿನ ಜೊತೆ ಬಿಡುವುದು. ಚೀಲ ಅವಳ ಗುಂಪಿನ ಜೊತೆ ನಡೆಯುವ ದೊಡ್ಡವರ ಹೆಗಲಲ್ಲೇ ಇರಬೇಕು. ಫ್ರಿಜ್‌ನಲ್ಲೂ ಬೇಡ, ಬಿಸಿಲಲ್ಲಿ ನಿಂತ ವಾಹನದಲ್ಲೂ ಬೇಡ. ಮುಗಿಯುವ ದಿನಾಂಕ ನೋಡಿ.

ಪ್ರವಾಸದ ಜಾಗದಿಂದ ಆಸ್ಪತ್ರೆ ಎಷ್ಟು ದೂರ, ಮೊಬೈಲ್ ಸಿಗ್ನಲ್ ಇದೆಯೇ ಎಂದು ಮುಂಚೆಯೇ ನೋಡಿಕೊಂಡು ಯೋಜನೆಯ ಹಾಳೆಯಲ್ಲಿ ಬರೆದಿಡಿ. ಇಷ್ಟಾದ ಮೇಲೆ 'ಅಪ್ಪ-ಅಮ್ಮ ಬರಲೇಬೇಕು' ಎಂಬ ಷರತ್ತಿಗೆ ಕಾರಣ ಉಳಿಯುವುದಿಲ್ಲ. ಅವರು ತಾವಾಗಿ ಬರುತ್ತೇವೆಂದರೆ ಬರಲಿ.

---

ಲೇಬಲ್ ಓದಿ

ಒಂದು ಬಿಟ್ಟುಹೋಗಿತ್ತು. ಊಟದ ಹೊರಗೂ ನೋಡಿಕೊಳ್ಳಿ. ಕರಕುಶಲ ತರಗತಿಗೆ ತರುವ ಹಾಲಿನ ಖಾಲಿ ಪೊಟ್ಟಣ, ಹಕ್ಕಿಗಳಿಗೆ ಹಾಕುವ ಕಾಳಿನ ಮಿಶ್ರಣ (ಕಡಲೆಕಾಯಿ ಇರಬಹುದು), ಪುಡಿ ಹಾರದ ಕೆಲವು ಬಗೆಯ ಸೀಮೆಸುಣ್ಣ (ಕೇಸೀನ್ ಇರಬಹುದು). ಬೇರೆ ಮಕ್ಕಳಿಗಾದರೆ ಆಟದ ಹಿಟ್ಟಿನ ಗೋಧಿಯನ್ನೂ ನೋಡಬೇಕು. ಈ ಪಟ್ಟಿಯನ್ನು ಶಿಕ್ಷಕಿಗೆ ವರ್ಷದ ಮೊದಲ ವಾರವೇ ಕೊಟ್ಟರೆ, ಚಟುವಟಿಕೆಯ ನಡುವೆ "ನೀನು ಪಕ್ಕಕ್ಕೆ ಕೂತ್ಕೋ" ಅನ್ನುವ ಸಂದರ್ಭ ಬರುವುದಿಲ್ಲ.